ಕಲ್ಮನೆ, ಒಕ್ಕಲು, ಬಾಡಿಗೆ: ಬಾದಾಮಿಯಿಂದ ಬಾಗಲಕೋಟೆಯವರೆಗೆ

ಬಾದಾಮಿಯ ಮೂರನೆಯ ಗುಹಾಲಯದ ನಿರ್ಮಾಣಕ್ಕೆ ಸಂಬಂಧಿಸಿದಂತೆ ಚಾಲುಕ್ಯ ಮಂಗಲೇಶನ ಎರಡು ಬರಹಗಳು ಉಳಿದಿವೆ. ಶಕ 500ರ, ಎಂದರೆ ಕ್ರಿ.ಶ. 578ರ ಸಂಸ್ಕೃತ ಶಾಸನವು ಅದನ್ನು ವಿಷ್ಣುಗೃಹವೆಂದು ಕರೆಯುತ್ತದೆ. ಅದಕ್ಕಿಂತ ಬಹಳ ಚಿಕ್ಕದಾದ ಕನ್ನಡ ಬರಹವು ಅದೇ ಕಟ್ಟಡವನ್ನು ‘ಕಲ್ಮನೆ’ ಎನ್ನುತ್ತದೆ. ಕಲ್ಲಿನಲ್ಲಿ ಕೊರೆದದ್ದಾದರೂ ಅದು ಮನೆಯೇ. ಆ ಮನೆಗೆ ಲಂಜಿಗೇಸರವೆಂಬ ಊರನ್ನು ಬಿಡಲಾಯಿತೆಂದೂ ಮಾಲೆಗಾರರಿಗೆ ಅರ್ಧ ವೀಸದ ಪಾಲು ಸಲ್ಲಬೇಕೆಂದೂ ಕನ್ನಡದ ಬರಹ ತಿಳಿಸುತ್ತದೆ. ಶಿಲ್ಪದ ವೈಭವವನ್ನು ನೋಡಲು ಹೋದವರು ಈ ಅರ್ಧ ವೀಸದ ಮುಂದೆ ಸಾಮಾನ್ಯವಾಗಿ ನಿಲ್ಲುವುದಿಲ್ಲ. ಆದರೆ ಕಟ್ಟಡದ ಚರಿತ್ರೆಯಲ್ಲಿ ಅದಕ್ಕೆ ಸ್ತಂಭಗಳಷ್ಟೇ ತೂಕವಿದೆ. ಕಟ್ಟಿಸುವ ವೆಚ್ಚ ಒಮ್ಮೆ ಮುಗಿಯುತ್ತದೆ, ನಡೆಸುವ ವೆಚ್ಚ ಮುಗಿಯುವುದಿಲ್ಲ ಎಂಬ ಲೆಕ್ಕ ಆರನೆಯ ಶತಮಾನದ ಕನ್ನಡಿಗರಿಗೆ ಸ್ಪಷ್ಟವಾಗಿತ್ತು.

ಐಹೊಳೆಯ ಮೇಗುತಿಯಲ್ಲಿಯೂ ಇದೇ ಲೆಕ್ಕ ಕಾಣುತ್ತದೆ. ಶಕ 556ರಲ್ಲಿ (ಕ್ರಿ.ಶ. 634) ರವಿಕೀರ್ತಿಯು ಕಟ್ಟಿಸಿದ ಜಿನಾಲಯದ ಪ್ರಶಸ್ತಿಯನ್ನು ಇಮ್ಮಡಿ ಪುಲಕೇಶಿಯ ದಿಗ್ವಿಜಯಕ್ಕಾಗಿ ಓದುವವರೇ ಹೆಚ್ಚು. ಪ್ರಶಸ್ತಿಯ ಪದ್ಯಗಳು ಮುಗಿದ ಮೇಲೆ ಮೂಲವಳ್ಳಿ, ಪಚ್ಚನೂರು, ಗಂಗವೂರು, ಪುಳಿಗೆರೆ ಮೊದಲಾದ ಊರುಗಳು ಈ ಆಲಯದ ಭುಕ್ತಿಗೆ ಸೇರಿದವೆಂಬ ಒಣ ವಾಕ್ಯವೊಂದಿದೆ. ಕಾಳಿದಾಸ ಭಾರವಿಗಳಿಗೆ ತನ್ನನ್ನು ಹೋಲಿಸಿಕೊಂಡ ಕವಿಯ ಕೃತಿಯ ತುದಿಯಲ್ಲಿ ಇಂಥ ಮಾತು ಬಂದಿರುವುದು ಕೆಲವರಿಗೆ ರಸಭಂಗವೆನಿಸಬಹುದು. ಆಲಯದ ಸಂರಕ್ಷಣೆಯ ದೃಷ್ಟಿಯಿಂದ ನೋಡಿದರೆ ಶಾಸನದ ಅತ್ಯಂತ ಜವಾಬ್ದಾರಿಯ ವಾಕ್ಯ ಅದೇ.

ಈ ಎರಡೂ ನಿದರ್ಶನಗಳಲ್ಲಿ ಆದಾಯ ಬರುವುದು ಊರಿನಿಂದ, ಮುಖ್ಯವಾಗಿ ಭೂಮಿಯಿಂದ. ಪೇಟೆಗಳು ಬೆಳೆದಂತೆ ದತ್ತಿಯ ಸ್ವರೂಪವೂ ಬದಲಾಯಿತು. ಕಲ್ಯಾಣ ಚಾಲುಕ್ಯರ ಕಾಲದ ದಾನಶಾಸನಗಳಲ್ಲಿ ಮತ್ತರುಗಳ ಲೆಕ್ಕದ ಕೆಯ್ಯೊಂದಿಗೆ ಹೂದೋಟ, ಗಾಣ, ಅಂಗಡಿ, ಮನೆ ಮತ್ತು ನಿವೇಶನಗಳು ಒಂದರ ಹಿಂದೊಂದು ಬರುತ್ತವೆ. ನಿವೇಶನದ ಉದ್ದಗಲವನ್ನು ಕೈಗಳಲ್ಲಿ ಹೇಳಿ ನಾಲ್ಕು ದಿಕ್ಕಿನ ಮೇರೆಗಳನ್ನು ಬರೆಯುವುದೂ ರೂಢಿ. ಜೊತೆಗೆ ತೆರಿಗೆಯ ಸ್ಥಿತಿಯನ್ನು ಸೂಚಿಸುವ ಪದಗಳಿರುತ್ತವೆ. ಯಾವ ತೆರಿಗೆಯೂ ಇಲ್ಲದ್ದು ಸರ್ವನಮಸ್ಯ, ವರ್ಷಕ್ಕೆ ಇಷ್ಟೇ ಎಂದು ಗೊತ್ತುಮಾಡಿದ್ದು ಸಿದ್ಧಾಯ, ದತ್ತಿಯ ಸ್ವತ್ತಿನ ಮೇಲೂ ಉಳಿಯುವ ಹಗುರ ಕಂದಾಯ ಅರುವಣ. ಮನೆಯ ಮೇಲಿನ ತೆರಿಗೆಗೆ ಮನೆದೆರೆ, ಮನೆವಣ ಎಂಬ ಹೆಸರುಗಳುಂಟು. ಒಂದು ಮನೆಯನ್ನು ಸರ್ವನಮಸ್ಯವಾಗಿ ಪಡೆದ ಬಸದಿಗೂ ಅರುವಣಕ್ಕೆ ಒಳಪಟ್ಟು ಪಡೆದ ಬಸದಿಗೂ ಕೈಗೆ ಬರುವ ಹಣದಲ್ಲಿ ವ್ಯತ್ಯಾಸವಿತ್ತು. ಆದ್ದರಿಂದಲೇ ದಾನಿಯ ಹೆಸರಿನಷ್ಟೇ ಕಾಳಜಿಯಿಂದ ಈ ಪದಗಳನ್ನು ಕೆತ್ತಿಸುತ್ತಿದ್ದರು.

ಇಲ್ಲಿ ಒಂದು ಎಚ್ಚರ ಅಗತ್ಯ. ಶಾಸನದಲ್ಲಿ ‘ಮನೆ’ ಎಂದು ಕಂಡ ಕಡೆಯೆಲ್ಲ ಬಾಡಿಗೆಯ ಮನೆಯೆಂದು ಅರ್ಥಮಾಡಲಾಗದು. ಪೂಜಾರಿ, ಮಾಲೆಗಾರ, ವಾದ್ಯದವರು ಮುಂತಾದವರು ವಾಸಿಸಲು ಬಿಟ್ಟ ಮನೆಗಳು ಸೇವೆಗೆ ಪ್ರತಿಫಲ. ಅಲ್ಲಿ ಹಣದ ವಿನಿಮಯವಿಲ್ಲ, ಸೇವೆ ನಿಂತರೆ ಮನೆಯ ಹಕ್ಕೂ ನಿಲ್ಲುತ್ತದೆ. ಅಂಗಡಿ ಮತ್ತು ಗಾಣಗಳೊಂದಿಗೆ ಒಂದೇ ಸಾಲಿನಲ್ಲಿ ಬರುವ ಮನೆಗಳು ಆದಾಯಕ್ಕಾಗಿ ಕೊಟ್ಟವು ಆಗಿರುವ ಸಂಭವ ಹೆಚ್ಚು. ಇವೆರಡನ್ನೂ ಒಂದೇ ರಾಶಿಯಲ್ಲಿ ಸುರಿದು ‘ದೇವಾಲಯದ ಆಸ್ತಿ’ ಎಂದು ಬರೆಯುವ ಪದ್ಧತಿಯಿಂದ ಪೇಟೆಯ ಆರ್ಥಿಕ ಚರಿತ್ರೆಗೆ ನಷ್ಟವಾಗಿದೆ.

ಹುನಗುಂದ ಸೀಮೆಯ ಅರಸಿಬೀಡಿ ಒಂದು ಕಾಲಕ್ಕೆ ವಿಕ್ರಮಪುರವೆಂಬ ರಾಜಧಾನಿ. ಜಯಸಿಂಹನ ಸೋದರಿ ಅಕ್ಕಾದೇವಿಯು 1047ರಲ್ಲಿ ಗೋಕಾಗೆಯ ಕೋಟೆಗೆ ಮುತ್ತಿಗೆ ಹಾಕಿದ್ದಾಗ ವಿಕ್ರಮಪುರದ ಗೊಣದ ಬೆಡಂಗಿ ಜಿನಾಲಯಕ್ಕೆ ದತ್ತಿ ಬಿಟ್ಟಳು. ಯುದ್ಧದ ಪಾಳೆಯದಲ್ಲಿದ್ದವಳು ಬಸದಿಯ ನಿತ್ಯದ ವೆಚ್ಚವನ್ನು ನೆನೆದಳೆಂಬುದು ಗಮನಾರ್ಹ. ಜೈನ ದತ್ತಿಗಳಲ್ಲಿ ಸ್ವತ್ತನ್ನು ಆಚಾರ್ಯರ ಕೈಯಲ್ಲಿ ಧಾರಾಪೂರ್ವಕವಾಗಿ ಇಡುತ್ತಿದ್ದರು. ಅಪರಿಗ್ರಹದ ವ್ರತ ಹೊತ್ತವರಿಗೆ ಊರು, ತೋಟ, ಮನೆಗಳ ಒಡೆತನವೆಲ್ಲಿಯದು? ಅದು ಒಡೆತನವಲ್ಲ, ಮೇಲ್ವಿಚಾರಣೆ ಎಂಬುದು ಸಮಾಧಾನ. ಫಲವನ್ನು ಖಂಡಸ್ಫುಟಿತ ಜೀರ್ಣೋದ್ಧಾರಕ್ಕೆ, ಪೂಜೆಗೆ, ಋಷಿಗಳ ಆಹಾರಕ್ಕೆ ಬಳಸಬೇಕು, ಮೂಲವನ್ನು ಮುಟ್ಟಕೂಡದು. ಮುರಿದದ್ದು ಬಿರಿದದ್ದನ್ನು ಸರಿಪಡಿಸುವುದಕ್ಕೆ ದತ್ತಿಯ ಭಾಷೆಯಲ್ಲಿಯೇ ಸ್ಥಾನವಿತ್ತು. ಇಂದಿಗೂ ಆದಾಯ ತೆರಿಗೆ ಕಾಯಿದೆಯು ಮನೆ ಬಾಡಿಗೆಯ ನಿವ್ವಳ ಮೌಲ್ಯದಲ್ಲಿ ಶೇಕಡಾ 30ನ್ನು ದುರಸ್ತಿ ಮುಂತಾದವಕ್ಕೆಂದು ಬಿಟ್ಟುಕೊಟ್ಟೇ ತೆರಿಗೆಯನ್ನು ಎಣಿಸುತ್ತದೆ. ಆ ಪಾಲನ್ನು ದುರಸ್ತಿಗೇ ಬಳಸುವ ಮನೆ ಒಡೆಯರು ಎಷ್ಟು ಜನ ಎಂಬುದು ಬೇರೆ ಮಾತು.

ಇದೇ ಅಕ್ಕಾದೇವಿಯ ಆಡಳಿತಕ್ಕೆ ಸೇರಿದ ಸೂಡಿಯಲ್ಲಿ ಚೋಳರ ಯುದ್ಧದ ಹಾವಳಿಯಿಂದ ಕುಸಿದಿದ್ದ ಊರಿನ ಕಟ್ಟುಪಾಡನ್ನು ಎಂಟು ಸೆಟ್ಟಿಗಳಿಗೂ ಎಂಬತ್ತು ಒಕ್ಕಲಿಗೂ ಮತ್ತೆ ಮಾಡಿಕೊಟ್ಟ ಸಂಗತಿಯನ್ನು ಹನ್ನೊಂದನೆಯ ಶತಮಾನದ ಮಧ್ಯದ ಶಾಸನ ಹೇಳುತ್ತದೆ. ಪೇಟೆಯನ್ನು ಮತ್ತೆ ಎಬ್ಬಿಸಬೇಕಾದರೆ ಗೋಡೆಗಳಿಗಿಂತ ಮೊದಲು ಒಕ್ಕಲು ಬೇಕು. ‘ಒಕ್ಕಲು’ ಎಂಬ ಪದದಲ್ಲಿಯೇ ಈ ತಿಳಿವಳಿಕೆ ಅಡಗಿದೆ. ಅದು ಕುಟುಂಬವೂ ಹೌದು, ನೆಲೆಸಿರುವವರೂ ಹೌದು, ಒಡೆಯನಿಗೆ ಸಲ್ಲಿಸಬೇಕಾದದ್ದನ್ನು ಸಲ್ಲಿಸುವವರೂ ಹೌದು. ಮನೆಗೆ ಒಕ್ಕಲಿಲ್ಲದಿದ್ದರೆ ಮನೆದೆರೆಯೂ ಇಲ್ಲ, ಬಾಡಿಗೆಯೂ ಇಲ್ಲ.

ಖಾಲಿ ಮನೆಯ ಪ್ರಶ್ನೆಯನ್ನು ನೇರವಾಗಿ ಎತ್ತಿಕೊಂಡ ಶಾಸನವೊಂದು ಬಾದಾಮಿಯ ದಕ್ಷಿಣಕ್ಕಿರುವ ಪುಲಿಗೆರೆಯಲ್ಲಿ, ಇಂದಿನ ಲಕ್ಷ್ಮೇಶ್ವರದಲ್ಲಿ ಇದೆ. ಯುವರಾಜ ವಿಕ್ರಮಾದಿತ್ಯನು ಸುಮಾರು 725ರಲ್ಲಿ ಅಲ್ಲಿಯ ಮಹಾಜನರಿಗೂ ನಗರಕ್ಕೂ ಮಾಡಿಕೊಟ್ಟ ವ್ಯವಸ್ಥೆ ಅದು. ರಾಜಪುರುಷರು ಕಾಪಾಡಬೇಕಾದ ಸಂಗತಿಗಳ ಪಟ್ಟಿಯಲ್ಲಿ ರಾಜದತ್ತಿ, ತಾಮ್ರಶಾಸನ, ಅನುಭವದಲ್ಲಿರುವ ಸ್ವತ್ತು ಇವುಗಳ ಜೊತೆಗೆ ಜನವಾಸವಿಲ್ಲದ ಮನೆಗಳೂ ಇವೆ. ಮುಂದೆ ಮನೆವಾರು ಸಲ್ಲಿಸಬೇಕಾದ ತೆರಿಗೆಯನ್ನು ಒಕ್ಕಲುಗಳ ಅಂತಸ್ತಿಗೆ ತಕ್ಕಂತೆ ದರ್ಜೆಗಳಾಗಿ ವಿಂಗಡಿಸಿದೆ. ಮಕ್ಕಳಿಲ್ಲದವರ ಸ್ವತ್ತಿನ ವಿಚಾರವೂ ಅದರಲ್ಲಿ ಬರುತ್ತದೆ. ಖಾಲಿ ಮನೆಯ ಬಾಗಿಲು ಹಲಗೆಗಳು ಮೊದಲು ಹೋಗುತ್ತವೆ, ಆಮೇಲೆ ಮೇರೆ ಹೋಗುತ್ತದೆ, ಕೊನೆಗೆ ಹಕ್ಕೇ ಹೋಗುತ್ತದೆ. ವರ್ತಕರು ದೂರದೇಶಕ್ಕೆ ಹೋಗಿ ತಿಂಗಳುಗಟ್ಟಲೆ ಬಾರದಿದ್ದ ಕಾಲದಲ್ಲಿ ಈ ಕಾವಲು ಸಣ್ಣ ಉಪಕಾರವಲ್ಲ. ಅಯ್ಯಾವೊಳೆಯ ಐನೂರ್ವರ ಹೆಸರು ಮುಂದೆ 1088ರಲ್ಲಿ ಸುಮಾತ್ರಾದ ಬಾರೂಸಿನ ತಮಿಳು ಶಾಸನದಲ್ಲಿ ಕಾಣಿಸಿಕೊಳ್ಳುತ್ತದೆ. ಊರುಬಿಟ್ಟು ಹೋದವನ ಮನೆಗೆ ಊರಿನಲ್ಲಿ ಯಾರು ಗತಿ ಎಂಬುದು ಅಂಥ ಸಂಘಕ್ಕೆ ನಿತ್ಯದ ಪ್ರಶ್ನೆಯಾಗಿದ್ದಿರಬೇಕು.

ಬಂಡವಾಳದ ಮಾತಿಗೆ ಬಂದರೆ ಜೈನಾಗಮದಲ್ಲಿಯೇ ಒಂದು ಸುಂದರವಾದ ಲೆಕ್ಕವಿದೆ. ಉಪಾಸಕದಶಾಂಗದ ಆನಂದ ಗೃಹಪತಿಯು ಹನ್ನೆರಡು ಕೋಟಿ ಹೊನ್ನಿನ ಒಡೆಯ. ಅದರಲ್ಲಿ ನಾಲ್ಕು ಕೋಟಿ ನಿಧಿಯಾಗಿ ಭದ್ರವಾಗಿತ್ತು, ನಾಲ್ಕು ಕೋಟಿ ಬಡ್ಡಿಯ ಮೇಲಿತ್ತು, ನಾಲ್ಕು ಕೋಟಿ ಮನೆಮಾರು ಮುಂತಾದ ಸ್ವತ್ತಿನಲ್ಲಿತ್ತು. ಅಪತ್ತಿಗೆ, ಆದಾಯಕ್ಕೆ, ಸ್ಥಿರತೆಗೆ ಒಂದೊಂದು ಪಾಲು. ವ್ರತ ಸ್ವೀಕರಿಸುವಾಗ ಅವನು ಇದಕ್ಕಿಂತ ಹೆಚ್ಚಿಸಿಕೊಳ್ಳುವುದಿಲ್ಲವೆಂದು ಮಿತಿ ಹಾಕಿಕೊಂಡ. ತತ್ತ್ವಾರ್ಥಸೂತ್ರವು ಪರಿಗ್ರಹ ಪರಿಮಾಣದ ಅತಿಚಾರಗಳನ್ನು ಹೇಳುವಾಗ ಮೊದಲು ಎಣಿಸುವುದೇ ಕ್ಷೇತ್ರ ಮತ್ತು ವಾಸ್ತು, ಎಂದರೆ ಹೊಲ ಮತ್ತು ಮನೆ. ಮಿತಿಯನ್ನು ಮೀರಿ ಬೆಳೆದ ಆಸ್ತಿಗೆ ದಾನವೇ ಸಹಜವಾದ ದಾರಿ. ಐಹೊಳೆಯ ವರ್ತಕರ ದಾನಗಳನ್ನು ಕೇವಲ ಪುಣ್ಯದಾಸೆಯೆಂದು ವಿವರಿಸುವವರು ಈ ವ್ರತದ ಒತ್ತಡವನ್ನು ಲೆಕ್ಕಕ್ಕೆ ತೆಗೆದುಕೊಂಡಂತೆ ಕಾಣುವುದಿಲ್ಲ.

ಬಾಡಿಗೆಯ ಬಗೆಗೆ ಶ್ರಾವಕಾಚಾರದಲ್ಲಿ ಒಂದು ಸಂಶಯವೂ ಇದೆ. ತ್ಯಜಿಸಬೇಕಾದ ಹದಿನೈದು ಜೀವನೋಪಾಯಗಳಲ್ಲಿ ಭಾಟಕ ಕರ್ಮವೂ ಒಂದು. ಕನ್ನಡದ ‘ಬಾಡಿಗೆ’ ಈ ‘ಭಾಟಕ’ದ ತದ್ಭವ. ಆದರೆ ಹೇಮಚಂದ್ರನ ಯೋಗಶಾಸ್ತ್ರವು ಅದನ್ನು ಬಿಡಿಸುವಾಗ ಬಂಡಿ, ಎತ್ತು, ಕೋಣ, ಒಂಟೆ, ಕುದುರೆಗಳನ್ನು ಭಾರ ಹೊರಲು ಬಾಡಿಗೆಗೆ ಕೊಡುವುದನ್ನು ಹೇಳುತ್ತದೆ. ಅಲ್ಲಿ ದೋಷವಿರುವುದು ಬಾಡಿಗೆಯ ಹಣದಲ್ಲಲ್ಲ, ಮೂಕಪ್ರಾಣಿಯ ಮೇಲಿನ ಹಿಂಸೆಯಲ್ಲಿ. ಮನೆಯನ್ನು ಬಾಡಿಗೆಗೆ ಕೊಡುವುದು ಆ ವಿವರಣೆಗೆ ಸೇರಿಲ್ಲ. ಹೊರೆ ಹೊರುವವನು ಮನುಷ್ಯನಾದಾಗ, ಅವನ ಹೊರೆ ಬಾಡಿಗೆಯಾದಾಗ ಏನು ಮಾಡಬೇಕೆಂದು ಆಚಾರ್ಯರು ಹೇಳಿಲ್ಲ.

ಧರ್ಮಶಾಸ್ತ್ರಕಾರರು ಈ ವಿಚಾರದಲ್ಲಿ ಹೆಚ್ಚು ವ್ಯಾವಹಾರಿಕರು. ಕಲ್ಯಾಣದ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರನು ಮಿತಾಕ್ಷರೆಯಲ್ಲಿ ವ್ಯಾಖ್ಯಾನಿಸಿದ ಯಾಜ್ಞವಲ್ಕ್ಯ ಸ್ಮೃತಿಯಲ್ಲಿ ಅಡವು ಎರಡು ಬಗೆಯದು. ಕಾಪಿಡುವುದಕ್ಕೆ ಮಾತ್ರ ಇಟ್ಟದ್ದು ಗೋಪ್ಯ, ಸಾಲ ಕೊಟ್ಟವನು ಅನುಭವಿಸುವುದು ಭೋಗ್ಯ. ಅಡವಿಟ್ಟು ತಂದ ಸಾಲಕ್ಕೆ ತಿಂಗಳಿಗೆ ಎಂಬತ್ತನೆಯ ಒಂದು ಪಾಲು ಬಡ್ಡಿ, ಅಂದರೆ ವರ್ಷಕ್ಕೆ ಶೇಕಡಾ 15. ಬಿಡಿಸಿಕೊಳ್ಳದೆ ಸಾಲ ಇಮ್ಮಡಿಯಾದರೆ ಗೋಪ್ಯದ ವಸ್ತು ಕೈತಪ್ಪುತ್ತದೆ. ಫಲವನ್ನು ಅನುಭವಿಸುವ ಭೋಗ್ಯ ಮಾತ್ರ ನಾಶವಾಗುವುದಿಲ್ಲ, ಮೂಲಧನ ಕೊಟ್ಟಾಗ ಒಡೆಯನಿಗೆ ಮರಳಲೇಬೇಕು. ಇಂದಿಗೂ ಕರ್ನಾಟಕದ ಊರುಗಳಲ್ಲಿ ಹಣ ಕೊಟ್ಟು ಮನೆಯನ್ನು ‘ಭೋಗ್ಯಕ್ಕೆ’ ಹಾಕಿಸಿಕೊಳ್ಳುವ ಪದ್ಧತಿಯುಂಟು. ಇದ್ದಷ್ಟು ದಿನ ಬಾಡಿಗೆಯಿಲ್ಲ, ಕೊಟ್ಟ ಹಣಕ್ಕೆ ಬಡ್ಡಿಯಿಲ್ಲ, ಅವಧಿ ಮುಗಿದಾಗ ಹಣವೂ ಮನೆಯೂ ಅವರವರಿಗೆ. ಬ್ಯಾಂಕಿನ ಬಾಗಿಲು ತೆರೆಯದ ಮನೆ ಒಡೆಯನಿಗೆ ಮಗಳ ಮದುವೆಗೋ ಮಾಳಿಗೆಯ ರಿಪೇರಿಗೋ ಹಣ ಒದಗುವುದು ಹೀಗೆಯೇ. ಆ ಒಪ್ಪಂದದ ಹಿಂದೆ ಒಂದು ಸಾವಿರ ವರ್ಷಕ್ಕೂ ಹಳೆಯ ನ್ಯಾಯವಿದೆ.

ನಾರದ ಸ್ಮೃತಿಯು ಬಾಡಿಗೆದಾರನ ಕಡೆಗೂ ನೋಡುತ್ತದೆ. ಪರರ ನೆಲದಲ್ಲಿ ಸ್ತೋಮವನ್ನು, ಎಂದರೆ ನೆಲಬಾಡಿಗೆಯನ್ನು ಕೊಡುತ್ತ ಮನೆ ಕಟ್ಟಿಕೊಂಡಿದ್ದವನು ಬಿಟ್ಟುಹೋಗುವಾಗ ಹುಲ್ಲು, ಮರಮುಟ್ಟು, ಇಟ್ಟಿಗೆಗಳನ್ನು ಕೊಂಡೊಯ್ಯಬಹುದು. ಸ್ತೋಮ ಕೊಡದೆ ಒಪ್ಪಿಗೆಯೂ ಇಲ್ಲದೆ ಇದ್ದವನಿಗೆ ಆ ಹಕ್ಕಿಲ್ಲ. 1882ರ ಸ್ವತ್ತು ವರ್ಗಾವಣೆ ಕಾಯಿದೆಯ 108ನೆಯ ಕಲಮಿನಲ್ಲಿಯೂ ಬಾಡಿಗೆದಾರನು ತಾನು ನೆಲಕ್ಕೆ ಸೇರಿಸಿದ್ದನ್ನು ಕಿತ್ತೊಯ್ಯಬಹುದು, ಸ್ವತ್ತು ಮೊದಲಿದ್ದ ಸ್ಥಿತಿಯಲ್ಲಿ ಉಳಿಯಬೇಕು ಎಂಬ ನಿಯಮವಿದೆ. ಅದೇ ಕಲಮು ಇನ್ನೊಂದನ್ನೂ ಹೇಳುತ್ತದೆ. ಒಡೆಯನು ತಾನು ಮಾಡಬೇಕಾದ ದುರಸ್ತಿಯನ್ನು ತಿಳಿಸಿದ ಮೇಲೂ ಮಾಡಿಸದಿದ್ದರೆ ಬಾಡಿಗೆದಾರನು ಮಾಡಿಸಿ ಖರ್ಚನ್ನು ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು. ಮಲಪ್ರಭಾ ಘಟಪ್ರಭಾ ಸೀಮೆಯ ಮಣ್ಣಿನ ಮಾಳಿಗೆಯ ಮನೆಗಳಲ್ಲಿ ಇದು ಪುಸ್ತಕದ ಮಾತಲ್ಲ. ಮಳೆಗಾಲಕ್ಕೆ ಮುನ್ನ ಮಾಳಿಗೆಗೆ ಮಣ್ಣು ಹಾಕಿಸದಿದ್ದರೆ ಪಡಸಾಲೆ ಸೋರುತ್ತದೆ, ಜಂತಿ ಕೊಳೆಯುತ್ತದೆ. ಮಣ್ಣು ಹಾಕಿಸುವುದು ಒಡೆಯನ ಪಾಲೋ ಇರುವವರ ಪಾಲೋ ಎಂಬ ತಕರಾರು ಪ್ರತಿ ವರ್ಷದ್ದು.

ಶಾಸನಗಳ ಮನೆ ಹೀಗೆ ದಾನಿ, ಆಚಾರ್ಯ, ನಗರ, ಮೇರೆ, ತೆರಿಗೆ ಎಲ್ಲವನ್ನೂ ಹೊತ್ತಿದ್ದರೂ ಅದರೊಳಗೆ ಇದ್ದು ಬಾಡಿಗೆ ಕೊಟ್ಟವನ ಹೆಸರನ್ನು ಸಾಮಾನ್ಯವಾಗಿ ಹೊರುವುದಿಲ್ಲ. ಐಹೊಳೆಯಲ್ಲಿ ಮಾತ್ರ ಕಾಲವು ಒಂದು ವಿಚಿತ್ರ ತಿರುವು ಕೊಟ್ಟಿದೆ. ಪೇಟೆ ಕುಗ್ಗಿದ ಮೇಲೆ ಗುಡಿಗಳಲ್ಲಿ ಜನ ವಾಸಮಾಡಿದರು. ಕಟ್ಟಿಸಿದವನ ಹೆಸರು ಮರೆತುಹೋಗಿ ಇದ್ದವನ ಹೆಸರು ಉಳಿಯಿತು. ಲಾಡ್‌ಖಾನ್ ಗುಡಿಯ ಹೆಸರು ಅಲ್ಲಿ ವಾಸವಾಗಿದ್ದ ವ್ಯಕ್ತಿಯಿಂದ ಬಂತೆಂಬುದು ಪ್ರಸಿದ್ಧ ಹೇಳಿಕೆ. ಚರಂತಿಮಠದ ಬಸದಿಗೂ ಆ ಹೆಸರು ಮೂಲದ್ದಲ್ಲ. ಕಲ್ಮನೆ ಮತ್ತೆ ಬರಿಯ ಮನೆಯಾಯಿತು. ಈಗ ಐಹೊಳೆ, ಬಾದಾಮಿ, ಪಟ್ಟದಕಲ್ಲುಗಳಲ್ಲಿ ಸಂರಕ್ಷಿತ ಸ್ಮಾರಕದ ಸುತ್ತಲಿನ 100 ಮೀಟರು ನಿಷೇಧಿತ, ಅದರಾಚೆಯ 200 ಮೀಟರು ನಿಯಂತ್ರಿತ. 2010ರ ತಿದ್ದುಪಡಿಯಿಂದ ಈ ಮೇರೆಗಳು ಇನ್ನೂ ಬಿಗಿಯಾದವು. ಸ್ಮಾರಕಕ್ಕೆ ಇದು ರಕ್ಷೆ, ಅದರಲ್ಲಿ ಸಂದೇಹವಿಲ್ಲ. ಆದರೆ ಆ ಮೇರೆಯೊಳಗೆ ಮನೆಯಿರುವವನು ಒಂದು ಖೋಲಿ ಹೆಚ್ಚಿಗೆ ಕಟ್ಟಿ ಪ್ರವಾಸಿಗೋ ಮಾಸ್ತರರಿಗೋ ಬಾಡಿಗೆಗೆ ಕೊಡುವ ಆಸೆಯನ್ನು ಬಿಡಬೇಕು.

ಇಳಕಲ್ಲಿನ ಸಂಗತಿ ಬೇರೆ. ಅಲ್ಲಿಯ ಸೀರೆಯ ಹಿಂದೆ ಕುಣಿಮಗ್ಗವಿದೆ, ಮಗ್ಗದ ಹಿಂದೆ ಮನೆಯಿದೆ. ನೇಕಾರನು ನೆಲದಲ್ಲಿ ಕುಣಿ ತೋಡಿ ಅದರಲ್ಲಿ ಕಾಲಿಳಿಸಿ ಕೂಡುತ್ತಾನೆ. ಮಗ್ಗದ ಉದ್ದಕ್ಕೆ ಅಂಕಣ ಬೇಕು, ಎಳೆ ಕಾಣುವಷ್ಟು ಬೆಳಕು ಬೇಕು. ಇಂಥವನು ಬಾಡಿಗೆಯ ಮನೆಯಲ್ಲಿದ್ದರೆ ಬಾಡಿಗೆಯು ವಾಸಕ್ಕೂ ದುಡಿಮೆಗೂ ಸೇರಿಯೇ ಇರುತ್ತದೆ, ಮನೆ ಬಿಡಿಸಿದರೆ ಎರಡೂ ಒಂದೇ ದಿನ ಹೋಗುತ್ತವೆ. ಮರಮುಟ್ಟನ್ನು ನಾರದನ ನ್ಯಾಯದಂತೆ ಕೊಂಡೊಯ್ಯಬಹುದು, ಕುಣಿಯನ್ನು ಕೊಂಡೊಯ್ಯಲಾಗದು. ಹೋಗುವಾಗ ಅದನ್ನು ಮುಚ್ಚಿ ನೆಲ ಸಮಮಾಡಿ ಕೊಡಬೇಕಾದ ಹೊಣೆಯೂ ಅವನದೇ.

ಬಾಡಿಗೆಗೆ ಮಿತಿ ಹಾಕುವ ಯತ್ನ ಈ ಸೀಮೆಗೆ ಬಂದದ್ದು ಮುಂಬಯಿ ಪ್ರಾಂತ್ಯದ ಮೂಲಕ. 1947ರ ಮುಂಬಯಿ ಬಾಡಿಗೆ ಕಾಯಿದೆಯು ತಾನು ಅನ್ವಯವಾದ ಪಟ್ಟಣಗಳಲ್ಲಿ 1940ರ ಸೆಪ್ಟೆಂಬರ್ 1ರಂದು ಇದ್ದ ಬಾಡಿಗೆಯನ್ನೇ ಪ್ರಮಾಣವೆಂದು ಹಿಡಿಯಿತು. 1956ರ ಏಕೀಕರಣದ ನಂತರ ರಾಜ್ಯಕ್ಕೆಲ್ಲ 1961ರ ಬಾಡಿಗೆ ನಿಯಂತ್ರಣ ಕಾಯಿದೆ, ಅದರ ಸ್ಥಾನದಲ್ಲಿ 1999ರ ಕರ್ನಾಟಕ ಬಾಡಿಗೆ ಕಾಯಿದೆ ಬಂದವು. ಬಾಡಿಗೆದಾರನ ನೆತ್ತಿಯ ಮೇಲಿನ ಸೂರನ್ನು ಕಾಪಾಡಿದ ಕಾಯಿದೆಗಳು ದುರಸ್ತಿಯ ಉತ್ಸಾಹವನ್ನು ತಗ್ಗಿಸಿದವೆಂಬ ಆಪಾದನೆಯಲ್ಲಿ ಸತ್ಯಾಂಶವಿದೆ. ಬಾರದ ಬಾಡಿಗೆಯಿಂದ ಮಾಳಿಗೆಗೆ ಮಣ್ಣು ಬೀಳುವುದಿಲ್ಲ.

ಇದೆಲ್ಲದರ ಮೇಲೆ ನೀರು ಬಂತು. 1964ರ ಮೇ 22ರಂದು ಲಾಲ್ ಬಹಾದುರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಅಡಿಗಲ್ಲಿಟ್ಟ ಅಣೆಕಟ್ಟಿನ ಹಿನ್ನೀರು ಘಟಪ್ರಭೆಯ ದಂಡೆಯ ಬಾಗಲಕೋಟೆಯನ್ನು ಮುಟ್ಟುವುದು ನಿಶ್ಚಿತವಾದಾಗ 1983ರ ಕಾಯಿದೆಯ ಮೂಲಕ ಬಾಗಲಕೋಟೆ ಪಟ್ಟಣ ಅಭಿವೃದ್ಧಿ ಪ್ರಾಧಿಕಾರ ರಚನೆಯಾಯಿತು. ಹೊಸ ಊರಿನ ಯೋಜನೆಯನ್ನು ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ರೂಪಿಸಿದರು. ಅದೇ ನವನಗರ. ಹಳೆಯ ಪೇಟೆಯ ಓಣಿಗಳಲ್ಲಿ ಮುಂಭಾಗದಲ್ಲಿ ಅಂಗಡಿ, ಹಿಂದೆ ಒಡೆಯನ ವಾಸ, ಪಕ್ಕದ ಒಂದೆರಡು ಖೋಲಿ ಬಾಡಿಗೆಗೆ ಎಂಬ ಏರ್ಪಾಡಿಗೆ ಅವಕಾಶವಿತ್ತು. ಗಂಡನಿಲ್ಲದ ಹೆಣ್ಣುಮಗಳಿಗೆ ಆ ಎರಡು ಖೋಲಿಗಳೇ ಪಿಂಚಣಿ. ಇಂಥ ಮನೆಯನ್ನು ಸರಕಾರ ಸ್ವಾಧೀನಪಡಿಸಿಕೊಂಡಾಗ 1894ರ ಭೂಸ್ವಾಧೀನ ಕಾಯಿದೆಯಂತೆ ಬೆಲೆ ನಿಲ್ಲುವುದು ಮೊದಲ ಅಧಿಸೂಚನೆಯ ದಿನಕ್ಕೆ. ಹೊಸ ಮನೆಯ ಇಟ್ಟಿಗೆ ಸಿಮೆಂಟಿನ ಬೆಲೆ ಮಾತ್ರ ಕಟ್ಟುವ ದಿನದ್ದು. ಬಾಡಿಗೆಯ ಕಟ್ಟಡಕ್ಕೆ ಬೆಲೆ ಕಟ್ಟುವ ಒಪ್ಪಿತ ವಿಧಾನಗಳಲ್ಲಿ ವರ್ಷದ ಬಾಡಿಗೆಯನ್ನು ಇಂತಿಷ್ಟು ವರ್ಷಗಳಿಂದ ಗುಣಿಸುವುದೂ ಒಂದು. ಹಾಗೆ ಎಣಿಸಿದಲ್ಲಿ ದಶಕಗಳ ಕಾಲ ಏರದ ಬಾಡಿಗೆ ಒಡೆಯನಿಗೆ ಎರಡನೆಯ ಸಲ ನಷ್ಟ ತರುತ್ತದೆ.

ಒಡೆಯನಿಗೆ ಉತಾರೆಯಿದೆ, ತೆರಿಗೆಯ ಪಾವತಿಯಿದೆ. ಬಾಡಿಗೆದಾರನಿಗೆ ಏನಿದೆ? 1894ರ ಕಾಯಿದೆಯು ‘ಹಿತಾಸಕ್ತ ವ್ಯಕ್ತಿ’ ಎಂಬ ವಿಶಾಲ ಪದದಲ್ಲಿ ಅವನಿಗೂ ಜಾಗ ಕೊಟ್ಟಿತ್ತು, ಪರಿಹಾರವನ್ನು ಹಿತಾಸಕ್ತರ ನಡುವೆ ಹಂಚುವ ವಿಧಾನವೂ ಅದರಲ್ಲಿತ್ತು. ಆದರೆ ತಿಂಗಳ ಬಾಡಿಗೆಯ ಮೇಲೆ ಬಾಯಿಮಾತಿನಿಂದ ಇದ್ದವನ ಹಿತಾಸಕ್ತಿಗೆ ಹಣದ ಲೆಕ್ಕದಲ್ಲಿ ಎಷ್ಟು ಬೆಲೆ? ವರ್ಷದೊಳಗಿನ ಬಾಡಿಗೆಗೆ ಬರಹದ ಕರಾರು ಕಡ್ಡಾಯವಲ್ಲ, ಸ್ವಾಧೀನ ಕೊಟ್ಟರೆ ಸಾಕು ಎಂದು ಸ್ವತ್ತು ವರ್ಗಾವಣೆ ಕಾಯಿದೆಯೇ ಹೇಳುತ್ತದೆ. ಹನ್ನೊಂದು ತಿಂಗಳ ಕರಾರಿನ ರೂಢಿ ಬೆಳೆದದ್ದೂ ಈ ಸಡಿಲಿನಿಂದಲೇ. ಪರಸ್ಪರ ವಿಶ್ವಾಸವಿದ್ದ ಊರಿನಲ್ಲಿ ಕಾಗದ ಕೇಳುವುದು ಅಪಮಾನವೆನಿಸುತ್ತಿತ್ತು. ಮೂರು ತಲೆಮಾರು ಒಂದೇ ಮನೆಯಲ್ಲಿ ಬಾಡಿಗೆ ಕೊಟ್ಟವರ ಕೈಯಲ್ಲಿ ಒಂದು ರಸೀದಿಯೂ ಇಲ್ಲದಿರುವುದು ಅಲ್ಲಿ ಅಸಹಜವಲ್ಲ. ಒಡೆಯನ ಹಕ್ಕು ನವನಗರದ ನಿವೇಶನವಾಗಿ ಮಾರ್ಪಟ್ಟಾಗ ಬಾಡಿಗೆದಾರನಿಗೆ ಉಳಿಯುವುದು ಅದೇ ನಿವೇಶನದಲ್ಲಿ ಮುಂದೆಂದೋ ಏಳುವ ಮನೆಯ ಹೊಸ ಬಾಡಿಗೆ. ಹಳೆಯ ಓಣಿಯ ಬಾಡಿಗೆ ಹಳೆಯ ಓಣಿಯೊಂದಿಗೇ ಹೋಯಿತು.

2013ರ ಭೂಸ್ವಾಧೀನ ಕಾಯಿದೆ ಈ ಮಟ್ಟಿಗೆ ಮುಂದುವರಿದಿದೆ. ಬಾಧಿತ ಕುಟುಂಬವೆಂಬ ವ್ಯಾಖ್ಯೆಯಲ್ಲಿ ಒಡೆತನವಿಲ್ಲದವರೂ ಬರುತ್ತಾರೆ. ಪಟ್ಟಣದ ಸ್ವತ್ತಿನಲ್ಲಿ ಸ್ವಾಧೀನಕ್ಕೆ ಹಿಂದಿನ ಮೂರು ಅಥವಾ ಹೆಚ್ಚು ವರ್ಷಗಳಿಂದ ವಾಸವಾಗಿರುವ ಕುಟುಂಬವನ್ನೂ ಅದು ಎಣಿಸುತ್ತದೆ. ಕೃಷ್ಣಾ ನ್ಯಾಯಾಧಿಕರಣದ 2010ರ ತೀರ್ಪು ಆಲಮಟ್ಟಿಯ ನೀರಿನ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸಲು ಒಪ್ಪಿರುವುದರಿಂದ ಬಾಗಲಕೋಟೆಯ ಉಳಿದ ತಗ್ಗಿನ ಓಣಿಗಳಿಗೆ ಈ ವ್ಯಾಖ್ಯೆ ದೂರದ ಮಾತಲ್ಲ. ಮೂರು ವರ್ಷದ ವಾಸಕ್ಕೆ ಆಧಾರ ಒದಗಿಸುವ ಹೊಣೆ ವಾಸವಿದ್ದವನದು. ಪಡಿತರ ಚೀಟಿ, ಮತದಾರರ ಪಟ್ಟಿ, ಮಕ್ಕಳ ಶಾಲೆಯ ದಾಖಲೆ, ಇದ್ದರೆ ಬಾಡಿಗೆಯ ಕರಾರುಪತ್ರ. ತಿಂಗಳು ತಿಂಗಳೂ ಅವನೇ ತುಂಬಿದ ಹೆಸ್ಕಾಂ ಬಿಲ್ಲಿನ ಮೇಲೆ ಇರುವುದು ಸಾಮಾನ್ಯವಾಗಿ ಮನೆ ಒಡೆಯನ ಹೆಸರು.